ಮಳಖೇಡಕ್ಕೊಂದು ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇವೆರಡರಲ್ಲಿ ಓದುವುದಕ್ಕೆ ಬುದ್ಧಿ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸುತ್ತುವುದಕ್ಕೆ ಮಾತ್ರ ಗಟ್ಟಿಯಾದ ಕಾಲೂ ಕೈಯಲ್ಲಿ ನಾಲ್ಕು ಕಾಸೂ ಇದ್ದರೆ ಸಾಕೆಂದು ಬಗೆಯುವವರೇ ಹೆಚ್ಚು. ಆದರೆ ಪ್ರವಾಸವೊಂದು ಮನೆಯ ಹೊಸಲು ದಾಟುವ ಮೊದಲು ನಮ್ಮ ತಲೆಯೊಳಗೆ ನಡೆಯುವ ಕೆಲಸವೇನು ಸಾಮಾನ್ಯವೆ? ಯಾವ ಊರಿಗೆ ಹೋಗುವುದು, ಯಾವ ದಿನ ಹೊರಡುವುದು, ಯಾವ ಬಸ್ಸು ಎಲ್ಲಿ ಬದಲಿಸುವುದು, ರಾತ್ರಿ ಎಲ್ಲಿ ತಂಗುವುದು, ಎಷ್ಟು ಹಣ ತಗಲುವುದು, ಮಳೆ ಬಂದರೆ ಏನು ಮಾಡುವುದು—ಇಷ್ಟನ್ನೂ ಮನಸ್ಸು ಹೂವಿನಂತೆ ಒಂದರ ಹಿಂದೊಂದು ಪೋಣಿಸುತ್ತ ಹೋಗುತ್ತದೆ. ಆರೋಗ್ಯವಂತನಿಗೆ ಅದು ಕೆಲಸವೆಂದೇ ತೋರುವುದಿಲ್ಲ. ಪೋಣಿಸುವ ದಾರವೇ ಕಡಿದುಹೋದವನನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಚಿಂಚೋಳಿ ತಾಲೂಕಿನ ಸುಲೇಪೇಟ ನಮ್ಮ ಊರು. ಇಲ್ಲಿಂದ ಉತ್ತರದ ದಾರಿ ಹಿಡಿದರೆ ಚಿಂಚೋಳಿ, ದಕ್ಷಿಣದ ದಾರಿ ಹಿಡಿದರೆ ಸೇಡಂ. ಸುತ್ತಲೂ ತೊಗರಿಯ ಹೊಲಗಳು. ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿ ತೊಗರಿ ನಮ್ಮ ಸೀಮೆಯ ಬೆಳೆ. ತೊಗರಿಯ ರಾಶಿ ಮುಗಿದು ಕೈಯಲ್ಲಿ ಹಣ ಓಡಾಡತೊಡಗಿತೆಂದರೆ ನಮ್ಮ ಮನೆಯಲ್ಲಿ ಪ್ರವಾಸದ ಮಾತು ಏಳುತ್ತಿತ್ತು. ಅದರ ಮುಂದಾಳು ನನ್ನ ತಮ್ಮ. ಅವನದು ಊರಿನಲ್ಲೊಂದು ಕಿರಾಣಿ ಅಂಗಡಿ. ಸಕ್ಕರೆ ಬೆಲ್ಲಗಳ ಧಾರಣೆಯಷ್ಟೇ ನಿಖರವಾಗಿ ವಾಡಿ ಜಂಕ್ಷನ್ನಿಗೆ ಯಾವ ರೈಲು ಎಷ್ಟು ಹೊತ್ತಿಗೆ ಬರುತ್ತದೆಂಬುದೂ ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಹಂಪಿ, ಬಾದಾಮಿ, ವಿಜಯಪುರ, ಶ್ರೀಶೈಲ, ಪಂಢರಪುರಗಳನ್ನೆಲ್ಲ ನಮ್ಮ ಮನೆಯವರು, ನೆರೆಮನೆಯವರು ನೋಡಿದ್ದು ಅವನ ಬೆನ್ನ ಹಿಂದೆ ನಡೆದೇ. ಹದಿನೈದು ಜನರ ಚೀಟಿ, ಚೀಲ, ಬುತ್ತಿಯ ಗಂಟುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳದೆಯೂ ಲೆಕ್ಕ ತಪ್ಪದಂತೆ ಅವನು ಕರೆದೊಯ್ದು ಕರೆತರುತ್ತಿದ್ದ.

೨೦೨೨ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಚಿಂಚೋಳಿಯಿಂದ ಮೋಟಾರು ಸೈಕಲ್ಲಿನ ಮೇಲೆ ಮರಳುತ್ತಿದ್ದಾಗ ನಾಯಿಯೊಂದು ಅಡ್ಡ ಬಂತು. ತಮ್ಮ ರಸ್ತೆಗೆ ಬಿದ್ದ. ಕೈಕಾಲುಗಳಿಗೆ ತರಚಿದ ಗಾಯಗಳಷ್ಟೇ ಆಗಿದ್ದವು. ಪೆಟ್ಟು ಬಿದ್ದುದು ತಲೆಗೆ. ಹೆಲ್ಮೆಟ್ಟು ಮನೆಯ ಗೂಟದಲ್ಲಿ ತೂಗುತ್ತಿತ್ತು. ದ್ವಿಚಕ್ರ ವಾಹನದ ಸವಾರರು ಶಿರಸ್ತ್ರಾಣ ಧರಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆಯೇ ವಿಧಿಸಿದೆ. ಅದು ತಲೆಗೆ ಪೆಟ್ಟಾಗುವ ಸಂಭವವನ್ನು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸುತ್ತದೆಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡ ಸತ್ಯ. ಊರ ಹತ್ತಿರವೇ ಹೋಗಿ ಬರುವುದಲ್ಲವೆ ಎಂಬ ಮಾತಿಗೆ ಈ ಲೆಕ್ಕ ಗೊತ್ತಿಲ್ಲ.

ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ತೆಗೆದರು. ತಿಂಗಳೊಪ್ಪತ್ತಿನಲ್ಲಿ ತಮ್ಮ ಮನೆಗೆ ಬಂದ. ನಡೆದಾಡಿದ, ಉಂಡ, ಎಲ್ಲರನ್ನೂ ಗುರುತಿಸಿದ. ಕೂದಲು ಬೆಳೆದು ಹೊಲಿಗೆಯ ಗುರುತು ಮುಚ್ಚಿಹೋಯಿತು. ನೋಡಲು ಬಂದವರೆಲ್ಲ, “ಈಗ ಪೂರ್ತಿ ಆರಾಮ ಆಗ್ಯಾರಲ್ರೀ!” ಎಂದು ಸಂತೋಷಪಟ್ಟು ಚಹಾ ಕುಡಿದು ಹೋದರು. ಮುರಿದ ಕಾಲಿಗೆ ಕಟ್ಟಿದ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ; ಅಂಥವನಿಗೆ ಜನ ದಾರಿ ಬಿಡುತ್ತಾರೆ, ಕುಳಿತುಕೊಳ್ಳಲು ಜಾಗ ಕೊಡುತ್ತಾರೆ. ಮೆದುಳಿನ ಗಾಯಕ್ಕೆ ಅಂಥ ಪಟ್ಟಿಯಿಲ್ಲ.

ಮನೆಯವರಿಗೆ ಮಾತ್ರ ಬೇರೊಂದು ಸಂಗತಿ ದಿನದಿನಕ್ಕೂ ಕಾಣತೊಡಗಿತು. ಅರ್ಧ ಗಂಟೆ ಮಾತನಾಡಿದರೆ ಅವನು ಹೊಲ ಉತ್ತವನಂತೆ ಬಳಲಿ ಮಲಗುತ್ತಿದ್ದ. ಪಾತ್ರೆ ಬಿದ್ದ ಸದ್ದು, ಮಧ್ಯಾಹ್ನದ ಬಿಸಿಲು ಅವನಿಗೆ ಸಹಿಸಲಾರದ ಹಿಂಸೆಯಾಗುತ್ತಿದ್ದವು. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರುತ್ತಿರಲಿಲ್ಲ. ನಲವತ್ತು ವರ್ಷದ ಹಿಂದಿನದು ನಿನ್ನೆಯದರಂತೆ ಇರುತ್ತಿತ್ತು. ಎಂದೂ ದನಿಯೆತ್ತದವನು ಸಣ್ಣ ಮಾತಿಗೆ ಸಿಡುಕುತ್ತಿದ್ದ, ಮರುಗಳಿಗೆಯಲ್ಲೇ ಕಣ್ಣೀರಿಡುತ್ತಿದ್ದ.

ಇದಕ್ಕೆ ಕಾರಣವಿದೆ. ವಯಸ್ಕ ಮನುಷ್ಯನ ಮೆದುಳಿನ ತೂಕ ಸುಮಾರು ೧,೩೦೦ರಿಂದ ೧,೪೦೦ ಗ್ರಾಂ; ದೇಹದ ತೂಕದಲ್ಲಿ ಅದು ಸುಮಾರು ನೂರಕ್ಕೆ ಎರಡು ಪಾಲು. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಅದೊಂದಕ್ಕೇ ಬೇಕು. ಪೆಟ್ಟು ತಿಂದ ಮೆದುಳು ಮೊದಲು ತಾನಾಗಿಯೇ ಆಗುತ್ತಿದ್ದ ಕೆಲಸಗಳನ್ನು ಈಗ ಪ್ರಯತ್ನಪಟ್ಟು ಮಾಡಬೇಕಾಗುತ್ತದೆ. ಹತ್ತು ಸದ್ದುಗಳ ನಡುವೆ ಬೇಕಾದ ಒಂದನ್ನು ಮಾತ್ರ ಆರಿಸಿಕೊಳ್ಳುವುದೂ ಅದಕ್ಕೆ ದುಡಿಮೆಯೇ. ಹಣೆಯ ಹಿಂದಿರುವ ಮುಂಭಾಗದ ಮೆದುಳು ಮುಂದಿನದನ್ನು ಯೋಚಿಸುವ, ಕೆಲಸಗಳಿಗೆ ಕ್ರಮ ಕೊಡುವ, ಕೋಪವನ್ನು ಹಿಡಿದಿಡುವ ಸ್ಥಾನ. ನನ್ನ ತಮ್ಮನಿಗೆ ಪೆಟ್ಟು ಬಿದ್ದುದು ಅಲ್ಲಿಯೇ.

ನಮ್ಮ ಸೀಮೆಯಲ್ಲಿ ಸುಣ್ಣಕಲ್ಲಿನ ಗಣಿಗಳಿವೆ. ಬಂಡೆಗೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸುವ ಸದ್ದು ಸೇಡಂ, ವಾಡಿ ಕಡೆಯವರಿಗೆ ಹೊಸದಲ್ಲ. ಅಮೆರಿಕಾ ದೇಶದ ವರ್ಮಾಂಟ್ ಪ್ರಾಂತದಲ್ಲಿ ಫಿನಿಯಸ್ ಗೇಜ್ ಎಂಬ ತರುಣ ಇಂಥದೇ ಕೆಲಸದ ಮೇಸ್ತ್ರಿಯಾಗಿದ್ದ. ೧೮೪೮ರ ಸೆಪ್ಟೆಂಬರ್ ೧೩ರಂದು ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ ಮದ್ದು ಅಕಾಲದಲ್ಲಿ ಹೊತ್ತಿಕೊಂಡಿತು. ಮೂರೂವರೆ ಅಡಿಗಿಂತ ಉದ್ದವಾದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯೊಳಗೆ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಅವನು ಸಾಯಲಿಲ್ಲ. ಆದರೆ ಕೆಲಸದಲ್ಲಿ ದಕ್ಷನೆಂದು ಹೆಸರಾಗಿದ್ದವನು ಮುಂಗೋಪಿಯಾದ, ಹಾಕಿಕೊಂಡ ಯೋಜನೆಗಳನ್ನು ನಡುವೆಯೇ ಕೈಬಿಡುವವನಾದ ಎಂದು ಅವನಿಗೆ ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೋ ಬರೆದಿಟ್ಟರು. ವೈದ್ಯಶಾಸ್ತ್ರದ ಪುಸ್ತಕಗಳು ಬಹುಕಾಲ ಕಥೆಯನ್ನು ಇಲ್ಲಿಗೇ ನಿಲ್ಲಿಸಿದವು. ಕಥೆಗೆ ಇನ್ನೊಂದು ಭಾಗವಿದೆ. ೧೮೫೨ರಲ್ಲಿ ಗೇಜ್ ದಕ್ಷಿಣ ಅಮೆರಿಕಾದ ಚಿಲಿ ದೇಶಕ್ಕೆ ಹೋಗಿ, ಕುದುರೆಗಳನ್ನು ನೋಡಿಕೊಳ್ಳುತ್ತ, ಆರು ಕುದುರೆಗಳ ಪ್ರಯಾಣದ ಗಾಡಿಯನ್ನು ಹಲವು ವರ್ಷ ಓಡಿಸಿದ. ದಿನವೂ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆಗಳನ್ನು ಹೂಡುವುದು, ಅದೇ ದಾರಿಯಲ್ಲಿ ಪ್ರಯಾಣಿಕರನ್ನು ಮುಟ್ಟಿಸುವುದು—ಈ ಕ್ರಮಬದ್ಧ ಜೀವನವೇ ಅವನು ಬಹುಮಟ್ಟಿಗೆ ಸುಧಾರಿಸಲು ನೆರವಾಗಿರಬೇಕೆಂದು ಅವನ ಚರಿತ್ರೆಯನ್ನು ಮತ್ತೆ ಪರಿಶೀಲಿಸಿದ ಈ ಕಾಲದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಒಡೆದ ಮೆದುಳಿಗೆ ಹೊರಗಿನಿಂದ ದೊರೆಯುವ ಕ್ರಮವೇ ಒಂದು ಊರುಗೋಲು ಎಂಬುದು ಇದರಿಂದ ತಿಳಿಯುತ್ತದೆ.

೨೦೨೩ರ ದೀಪಾವಳಿ ಮುಗಿದ ಮೇಲೆ ಒಂದು ದಿನ ತಮ್ಮ ಹಳೆಯ ಅಭ್ಯಾಸದಂತೆ ಅಂಗಡಿಯ ಖಾತೆ ಪುಸ್ತಕದ ಕೊನೆಯ ಹಾಳೆ ತೆರೆದು ಕುಳಿತ. ಮೇಲೆ ‘ಹಂಪಿ’ ಎಂದು ಬರೆದ. ಕೆಳಗೆ ಏನು ಬರೆಯಬೇಕೆಂಬುದು ಹೊಳೆಯಲಿಲ್ಲ. ಒಂದು ಗಂಟೆಯಾದರೂ ಹಾಳೆಯ ಮೇಲೆ ಅದೊಂದೇ ಶಬ್ದವಿತ್ತು. ಕೊನೆಗೆ ಪೆನ್ಸಿಲನ್ನು ಅಂಗಳಕ್ಕೆ ಎಸೆದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಂದು ರಾತ್ರಿ ಮನೆಯಲ್ಲಿ ಮಾತು ಬೆಳೆಯಿತು. ಅವನ ಹೆಂಡತಿ ನನ್ನೊಡನೆ, “ಭಾವ, ಇವರನ್ನ ಎಲ್ಲಿಗೂ ಒಯ್ಯೋದು ಬ್ಯಾಡ. ದಾರ್ಯಾಗ ಮೂರ್ಛೆ ಬಂದ್ರ ನಾ ಏನ್ ಮಾಡ್ಲಿ?” ಎಂದಳು. ಆಕೆಯ ಅಂಜಿಕೆ ನಿರಾಧಾರವಾದುದಲ್ಲ. ತಲೆಗೆ ಬಲವಾದ ಪೆಟ್ಟಾದವರಿಗೆ ತಿಂಗಳುಗಳ ತರುವಾಯವೂ ಮೂರ್ಛೆ ಬರುವುದುಂಟು; ತಮ್ಮನಿಗೆ ಒಮ್ಮೆ ಬಂದೂ ಇತ್ತು. ಬಂಧುಗಳೊಬ್ಬರು, “ನೀವೆಲ್ಲ ಹೋಗಿ ಬರ್ರಿ, ಅವರನ್ನ ನಾವು ನೋಡ್ಕೋತೀವಿ” ಎಂದರು. ಇನ್ನೊಬ್ಬರು, ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಎಲ್ಲಿಗಾದರೂ ಕರೆದೊಯ್ಯಬಹುದು, ಅವನನ್ನು ಕೇಳುವ ಅಗತ್ಯವೇನಿಲ್ಲ ಎಂದರು. ಎಲ್ಲವೂ ಪ್ರೀತಿಯ ಮಾತುಗಳೇ. ನಿದ್ದೆ ಹೋಗಿದ್ದಾನೆಂದು ನಾವು ತಿಳಿದಿದ್ದ ತಮ್ಮ ಆಗ ಎದ್ದು ಕುಳಿತು ಹೇಳಿದ: “ಅಣ್ಣಾ, ನಾ ಸಾಮಾನ ಅಲ್ಲ. ನನ್ನನ್ನ ಎತ್ತಿ ಇಟ್ಟಲ್ಲಿ ಇರ್ಲಿಕ್ಕೆ. ಎಲ್ಲಿಗಿ ಹೋಗೋದು ಅಂತ ನನಗೂ ಕೇಳ್ರಿ.”

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಇಡೀ ಓಣಿಗೆ ದಾರಿ ತೋರಿಸಿದವನು ತನ್ನ ದಾರಿಯ ಬಗ್ಗೆ ಒಂದು ಮಾತು ಹೇಳುವ ಹಕ್ಕನ್ನು ಬೇಡುತ್ತಿದ್ದ. ಅವನನ್ನು ಮನೆಯಲ್ಲಿ ಕೂರಿಸಿದರೆ ಅಪಾಯ ತಪ್ಪುತ್ತಿತ್ತು, ನಿಜ. ಆದರೆ ಅವನಲ್ಲಿ ಉಳಿದಿದ್ದ ಹಳೆಯ ಮನುಷ್ಯನನ್ನೂ ಅದರೊಡನೆ ಕೂರಿಸಿಬಿಟ್ಟಂತಾಗುತ್ತಿತ್ತು.

ಮರುವಾರ ಅವನನ್ನು ತಪಾಸಣೆಗೆ ಕರೆದೊಯ್ದಾಗ ವೈದ್ಯರನ್ನೇ ಕೇಳಿದೆವು. ಅವರು ಪ್ರವಾಸವನ್ನು ಬೇಡವೆನ್ನಲಿಲ್ಲ. ಮೆದುಳಿನ ಗಾಯಕ್ಕೆ ಶಸ್ತ್ರಚಿಕಿತ್ಸೆ ಅರ್ಧ ಮದ್ದು ಮಾತ್ರ. ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಕಲಿಯುವುದು ಉಳಿದರ್ಧ ಎಂದು ವಿವರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪುನರ್ವಸತಿ ವಿಭಾಗವಿದೆ. ಅಲ್ಲಿ ನಡೆಯಲು, ಮಾತನಾಡಲು, ನೆನಪಿಟ್ಟುಕೊಳ್ಳಲು, ದಿನದ ಕೆಲಸಗಳನ್ನು ಕ್ರಮವಾಗಿ ಮಾಡಲು ಮತ್ತೆ ಅಭ್ಯಾಸ ಮಾಡಿಸುತ್ತಾರೆ. “ಪ್ರವಾಸ ಹೋಗುವುದಕ್ಕಿಂತ ಅದನ್ನು ಯೋಜಿಸುವುದರಿಂದಲೇ ಇವರಿಗೆ ಹೆಚ್ಚು ಉಪಯೋಗ. ಅದನ್ನು ಇವರ ಕೈಯಿಂದಲೇ ಮಾಡಿಸಿ, ಆದರೆ ಕೆಲಸವನ್ನು ತುಂಡು ಮಾಡಿ ಕೊಡಿ” ಎಂದು ವೈದ್ಯರು ಹೇಳಿದರು.

ಆ ಮಾತನ್ನು ಸರಿಯಾಗಿ ಹಿಡಿದುಕೊಂಡವಳು ತಮ್ಮನ ಮಗಳು. ಅವಳೂ ಆಗ ನಿಮ್ಮಂತೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಅಪ್ಪನಿಗೆ ಲೋಕವೆಲ್ಲ ಒಮ್ಮೆಗೇ ಮೈಮೇಲೆ ಬೀಳುತ್ತದೆಂಬುದನ್ನು ಅವಳು ಗಮನಿಸಿದಳು. ಆದುದರಿಂದ ಎರಡೇ ಹೆಸರುಗಳನ್ನು ಎರಡು ಚೀಟಿಗಳಲ್ಲಿ ಬರೆದು ಮುಂದಿಟ್ಟಳು: ಒಂದು ಚಿಂಚೋಳಿಯ ಆಚೆ ಕಾಡಿನ ನಡುವೆ ಇರುವ ಚಂದ್ರಂಪಳ್ಳಿಯ ಜಲಾಶಯ, ಇನ್ನೊಂದು ಕಾಗಿಣಾ ನದಿಯ ದಂಡೆಯ ಮಳಖೇಡ. ತಮ್ಮ ಬಹಳ ಹೊತ್ತು ನೋಡಿ ಮಳಖೇಡದ ಚೀಟಿಯನ್ನು ಎತ್ತಿಕೊಂಡ. ಮರುದಿನ ಮತ್ತೆ ಎರಡು ಚೀಟಿ: ಬಸ್ಸೋ, ಕಾರೋ? ಅದರ ಮರುದಿನ: ಬೆಳಿಗ್ಗೆಯೋ, ಸಂಜೆಯೋ? ಹೀಗೆ ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಉತ್ತರ. ಉತ್ತರವನ್ನು ಅವನೇ ನೋಟುಪುಸ್ತಕದಲ್ಲಿ ಬರೆಯಬೇಕು. ಮೂರು ವಾರಗಳಲ್ಲಿ ಒಂದು ಪ್ರವಾಸವೇ ಸಿದ್ಧವಾಯಿತು.

ಆ ನೋಟುಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿದ್ದುದು ಇಷ್ಟು. ದಿನಕ್ಕೆ ಒಂದೇ ಸ್ಥಳ. ಹೊರಡುವುದು ಬಿಸಿಲೇರುವ ಮೊದಲು. ಸೇಡಂನಲ್ಲಿರುವ ಅಕ್ಕನ ಮನೆಯಲ್ಲಿ ಎರಡು ರಾತ್ರಿ ತಂಗುವುದು. ಹೋದ ದಿನ ಏನನ್ನೂ ನೋಡದೆ ವಿಶ್ರಮಿಸುವುದು. ಜಾತ್ರೆ, ಸಂತೆ, ಮದುವೆಗಳಿರುವ ದಿನಗಳನ್ನು ಬಿಡುವುದು. ಮೂರ್ಛೆ ತಡೆಯುವ ಮಾತ್ರೆಗಳು ದೊಡ್ಡ ಚೀಲದಲ್ಲಲ್ಲ, ಕೈಚೀಲದಲ್ಲಿ. ನುಂಗುವ ಹೊತ್ತು ಕೆಂಪು ಶಾಯಿಯಲ್ಲಿ. ಆಸ್ಪತ್ರೆಯ ಕಾಗದಗಳ ಒಂದು ಪ್ರತಿ ಜೊತೆಗೆ. ಅವನ ಜೇಬಿನಲ್ಲಿ ಹೆಸರು, ಊರು, ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ. ತಲೆಗೆ ಟೊಪ್ಪಿಗೆ, ಕಣ್ಣಿಗೆ ಕಪ್ಪು ಕನ್ನಡಕ. ವಾಹನ ನಡೆಸುವುದು ಬೇರೆಯವರು. ಮರಳಿದ ಮರುದಿನ ಯಾವ ಕೆಲಸವೂ ಇಲ್ಲ. ಕೊನೆಯ ಸಾಲನ್ನು ಮಗಳು ಬರೆದಿದ್ದಳು: ‘ಅಪ್ಪ ಸಾಕು ಅಂದರೆ, ಏನೂ ನೋಡದಿದ್ದರೂ, ಯಾರೂ ಯಾಕೆಂದು ಕೇಳದೆ ಹಿಂದಿರುಗುವುದು.’

ಹೊರಡುವ ಮೊದಲು ಎರಡು ಬಾರಿ ತಾಲೀಮು ನಡೆಯಿತು. ಮೊದಲನೆಯದು ನಮ್ಮೂರಿನ ಬಸ್ ನಿಲ್ದಾಣಕ್ಕೆ: ಹದಿನೈದು ನಿಮಿಷ ಕುಳಿತು ಬಸ್ಸುಗಳನ್ನು ನೋಡಿ ಮನೆಗೆ ಮರಳುವುದು. ಎರಡನೆಯದು ಸಂತೆಯಿಲ್ಲದ ದಿನ ಸೇಡಂಗೆ ಹೋಗಿ ಅಕ್ಕನ ಮನೆಯಲ್ಲಿ ಊಟ ಮಾಡಿ ಬರುವುದು. ಮೊದಲ ಸಲ ಅವನು ಹತ್ತು ನಿಮಿಷಕ್ಕೇ ಎದ್ದ. ಎರಡನೆಯ ಸಲ ಊಟವಾದ ಮೇಲೆ ಶಹಾಬಾದ ಕಲ್ಲಿನ ತಣ್ಣನೆಯ ನೆಲದ ಮೇಲೆ ಎರಡು ತಾಸು ಮಲಗಿ, ಎದ್ದು, “ಇಲ್ಲಿ ಇರ್ಲಿಕ್ಕೆ ಆಗ್ತದ” ಎಂದ. ಅವನ ಹೆಂಡತಿ ಅಂದೇ ಚೀಲಕ್ಕೆ ಬಟ್ಟೆ ತುಂಬಲು ಒಪ್ಪಿದಳು.

೨೦೨೪ರ ಜನವರಿಯಲ್ಲಿ, ರಾಶಿ ಮುಗಿದ ಮೇಲೆ, ನಾವು ಮಳಖೇಡಕ್ಕೆ ಹೋದೆವು. ಮಳಖೇಡವೆಂದರೆ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಮೊಟ್ಟಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನೂ ಅವನ ಕಾಲದವನೇ. ೯೭೨ರಲ್ಲಿ ಪರಮಾರ ದೊರೆ ಸೀಯಕ ಈ ನಗರವನ್ನು ಕೊಳ್ಳೆ ಹೊಡೆದ. ಆ ಪೆಟ್ಟಿನಿಂದ ರಾಜಧಾನಿ ಮತ್ತೆ ಮೊದಲಿನಂತೆ ಏಳಲಿಲ್ಲ. ಇಂದು ಅಲ್ಲಿ ಉಳಿದಿರುವುದು ನದಿಯ ದಂಡೆಯ ಕೋಟೆ, ಬಸದಿ, ಮಠ ಮತ್ತು ತಮ್ಮ ಹೊಲಮನೆಗಳನ್ನು ನೋಡಿಕೊಂಡು ಬದುಕುತ್ತಿರುವ ಜನ.

ಕೋಟೆಯ ಬಾಗಿಲಿನ ಹತ್ತಿರ ಬಂದಾಗ ಧ್ವನಿವರ್ಧಕ ಕಟ್ಟಿದ ವಾಹನವೊಂದು ಕೂಗುತ್ತ ಹಾದುಹೋಯಿತು. ತಮ್ಮ ಎರಡೂ ಕಿವಿಗಳನ್ನು ಮುಚ್ಚಿಕೊಂಡು ನಿಂತುಬಿಟ್ಟ. ಮುಖ ಕೆಂಪಾಯಿತು. ಕೈಹಿಡಿಯಲು ಹೋದ ಹೆಂಡತಿಯ ಮೇಲೆ ಸಿಡುಕಿದ. ಆಕೆ ನನ್ನ ಮುಖ ನೋಡಿದಳು. ಮಗಳು ಮಾತಾಡದೆ ನೋಟುಪುಸ್ತಕ ತೆರೆದು ಕೊನೆಯ ಸಾಲನ್ನು ಅಪ್ಪನಿಗೆ ತೋರಿಸಿದಳು. ನಾವೆಲ್ಲ ಬೇವಿನ ಮರದ ನೆರಳಿಗೆ ಸರಿದು ಕುಳಿತೆವು. ಯಾರೂ ಏನೂ ಕೇಳಲಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಹಿಂದಿರುಗಲೆಂದು ಕಾರಿನವನನ್ನು ಕರೆಯಲು ನಾನು ಏಳುತ್ತಿದ್ದಾಗ ತಮ್ಮ ತಾನಾಗಿ ಎದ್ದು, “ಸಾಲ್ಯಾಗ ಇದ್ದಾಗ ಮಾಸ್ತರ್ ಇಲ್ಲಿಗಿ ಕರ್ಕೊಂಡು ಬಂದಿದ್ರು. ಒಳಗ ಒಂದು ಬುರುಜು ಅದ” ಎಂದು ಮಗಳ ಹೆಗಲ ಮೇಲೆ ಕೈಯಿಟ್ಟು ಕೋಟೆಯೊಳಗೆ ನಡೆದ.

ಒಳಗೆ ಅವನೇ ಮುಂದೆ, ನಾವು ಹಿಂದೆ. ಬಾಲ್ಯದ ನೆನಪಿಗೆ ಪೆಟ್ಟು ತಗಲಿರಲಿಲ್ಲ. ಯಾವ ಕಡೆಯಿಂದ ಹೋಗಿದ್ದರು, ಯಾವ ಹುಡುಗ ಬಿದ್ದು ಮೊಣಕಾಲು ಕೆತ್ತಿಕೊಂಡ, ನೃಪತುಂಗನ ಹೆಸರನ್ನು ತಪ್ಪು ಹೇಳಿ ಯಾರು ಮಾಸ್ತರರಿಂದ ಬೈಸಿಕೊಂಡರು—ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಶಬ್ದ ಸಿಗದೆ ನಿಲ್ಲುತ್ತಿದ್ದ, ನಾವೂ ನಿಲ್ಲುತ್ತಿದ್ದೆವು. ಕಾಗಿಣಾ ನದಿ ಕಾಣುವಲ್ಲಿ ಕುಳಿತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡೆವು. ಒಟ್ಟು ಒಂದೂವರೆ ಗಂಟೆ. ಬಸದಿಯನ್ನು ನೋಡುವುದು ಉಳಿಯಿತು. ಅವನು “ಸಾಕು” ಎಂದ, ಎದ್ದೆವು.

ಸೇಡಂಗೆ ಬಂದು ಅವನು ಸಂಜೆಯವರೆಗೆ ಮಲಗಿದ. ಮರುದಿನ ಬೆಳಿಗ್ಗೆ, “ನಿನ್ನೆ ಎಲ್ಲಿಗಿ ಹೋಗಿದ್ದೆವು?” ಎಂದು ಕೇಳಿದ. ಅವನ ಹೆಂಡತಿಯ ಕಣ್ಣಿನಲ್ಲಿ ನೀರು ತುಂಬಿತು. ಇಷ್ಟು ಸಾಹಸವೂ ನೀರ ಮೇಲಿನ ಬರಹವಾಯಿತಲ್ಲ ಎಂದು ಆಕೆಗೆ ಅನಿಸಿದ್ದು ಸಹಜವೇ. ಮಗಳು ಮಾತ್ರ ನೋಟುಪುಸ್ತಕವನ್ನು ತಂದು ಅಪ್ಪನ ತೊಡೆಯ ಮೇಲಿಟ್ಟಳು. ಹಿಂದಿನ ರಾತ್ರಿಯೇ ಅದರಲ್ಲಿ ಅವನಿಂದ ನಾಲ್ಕು ಸಾಲು ಬರೆಯಿಸಿದ್ದಳು. ಅವನು ತನ್ನ ಅಕ್ಷರವನ್ನು ತಾನೇ ಓದಿದ. ‘ಬುರುಜು ನೋಡಿದೆ. ನದಿಯಲ್ಲಿ ನೀರು ಇತ್ತು.’ ಓದುತ್ತಿದ್ದಂತೆ, “ಹೌದು, ಬೇವಿನ ಗಿಡದ ಕೆಳಗ ಕೂತಿದ್ದೆವು” ಎಂದ. ಬೇವಿನ ಮರದ ಮಾತು ನೋಟುಪುಸ್ತಕದಲ್ಲಿ ಇರಲಿಲ್ಲ.

ತಮ್ಮ ಮೊದಲಿನಂತಾಗಿಲ್ಲ. ಮುಂದೆ ಆಗುತ್ತಾನೆಂದು ವೈದ್ಯರೂ ಮಾತು ಕೊಟ್ಟಿಲ್ಲ. ಅಂಗಡಿಯಲ್ಲಿ ಬೆಳಿಗ್ಗೆ ಎರಡು ತಾಸು ಕುಳಿತುಕೊಳ್ಳುತ್ತಾನೆ. ಲೆಕ್ಕವನ್ನು ಹೆಂಡತಿ ನೋಡುತ್ತಾಳೆ. ಹದಿನೈದು ಜನರನ್ನು ಹಂಪಿಗೆ ಕರೆದೊಯ್ಯುವ ಮನುಷ್ಯ ಅವನೀಗ ಅಲ್ಲ. ಆದರೆ ತನಗೆ ಎಷ್ಟು ಸಾಕು, ಎಷ್ಟು ಬೇಕು ಎಂಬುದನ್ನು ತಾನೇ ಹೇಳುವ ಮನುಷ್ಯ. ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಇಂಥವರೊಬ್ಬರು ಇದ್ದಾರು. ಅವರನ್ನು ಕಂಡಾಗ ಆರಾಮವಾಯಿತೇ ಎಂದು ಕೇಳಿ ಮುಂದೆ ಸಾಗುವ ಬದಲು ಸ್ವಲ್ಪ ನಿಂತು, ಮೆಲುದನಿಯಲ್ಲಿ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯುವುದಾದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಆ ವರ್ಷದ ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಮಗಳು ಮತ್ತೆ ಎರಡು ಚೀಟಿಗಳನ್ನು ಬರೆದು ತಂದಳು. ತಮ್ಮ ಎರಡನ್ನೂ ಓದಿ ಪಕ್ಕಕ್ಕಿಟ್ಟ. ಪೆನ್ಸಿಲು ಕೇಳಿ ಪಡೆದು ನೋಟುಪುಸ್ತಕದ ಹೊಸ ಹಾಳೆಯ ಮೇಲೆ, ಅಕ್ಷರಗಳು ಸ್ವಲ್ಪ ಓರೆಯಾದರೂ ಓದಲು ಬರುವಂತೆ, ‘ಸನ್ನತಿ’ ಎಂದು ಬರೆದ. ಚಿತ್ತಾಪುರದ ಆಚೆ, ಭೀಮಾ ನದಿಯ ದಂಡೆಯ ಊರು ಅದು. ಅದರ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕ ಚಕ್ರವರ್ತಿಯ ಹೆಸರನ್ನೇ ಕೆತ್ತಿರುವ ಅವನ ಶಿಲ್ಪ ದೊರೆತಿದೆ. ಆ ಚೀಟಿಗಳಲ್ಲಿ ಸನ್ನತಿಯ ಹೆಸರಿರಲಿಲ್ಲ. ಅದನ್ನು ಅವನು ತಾನೇ ಯೋಚಿಸಿದ್ದ. ಕೆಳಗಿನ ಸಾಲಿನಲ್ಲಿ ಏನು ಬರೆಯಬೇಕೆಂದು ಮಗಳನ್ನು ನೋಡಿದ. “ಬೆಳಿಗ್ಗೆಯೋ ಸಂಜೆಯೋ, ಅಪ್ಪಾ?” ಎಂದು ಅವಳು ಕೇಳಿದಳು.